ನಾಲಿಗೆ ಕ್ಯಾನ್ಸರ್: ಆಪರೇಶನ್ ಆದ ಮೇಲಿನ ಆರು ವಾರ

ನಾಲಿಗೆಯ ಗೆಡ್ಡೆ ತೆಗೆಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದವರಿಗೂ ಅವರ ಮನೆಮಂದಿಗೂ ದೊಡ್ಡ ಕಂಟಕವೊಂದು ಕಳೆಯಿತು ಅನ್ನಿಸುವುದು ಸಹಜ. ಗಂಟೆಗಟ್ಟಲೆ ಆಪರೇಶನ್, ಐಸಿಯು, ಉಸಿರಾಟಕ್ಕೆ ಕುತ್ತಿಗೆಯಲ್ಲಿ ಮಾಡಿದ ತೂತು, ಮೂಗಿನಲ್ಲಿ ಕೊಳವೆ, ಇಷ್ಟೆಲ್ಲ ದಾಟಿ ಬಂದವರಿಗೆ ‘ಇನ್ನು ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಿಸಬೇಕು’ ಎಂಬ ಮಾತು ಬಾಕಿ ಉಳಿದ ಚಿಕ್ಕ ಕೆಲಸದಂತೆ ಕೇಳಿಸುತ್ತದೆ. ಗಾಯ ಮಾಗಲಿ, ಮೈಗೆ ಸ್ವಲ್ಪ ಕಸುವು ಬರಲಿ, ಹಬ್ಬ ಮುಗಿಯಲಿ, ಸುಗ್ಗಿ ಮುಗಿಯಲಿ, ಆಮೇಲೆ ಹೋದರಾಯಿತು ಎಂದುಕೊಳ್ಳುತ್ತಾರೆ. ವಿಕಿರಣ ಚಿಕಿತ್ಸೆ ಬೇಕೇ ಬೇಕು ಎಂದು ವೈದ್ಯರು ಹೇಳಿರುವವರ ಪಾಲಿಗೆ ಈ ‘ಆಮೇಲೆ’ಗೆ ಒಂದು ಗಡಿ ಇದೆ. ಆಪರೇಶನ್ ನಡೆದ ದಿನದಿಂದ ಆರು ವಾರ, ಅಂದರೆ 42 ದಿನ. ಅಷ್ಟರೊಳಗೆ ವಿಕಿರಣದ ಮೊದಲ ಸರದಿ ನಡೆದಿರಬೇಕು ಎಂದು ಅಮೆರಿಕದ ಕ್ಯಾನ್ಸರ್ ಕೇಂದ್ರಗಳ ಒಕ್ಕೂಟವಾದ ಎನ್‌ಸಿಸಿಎನ್‌ನ ಮಾರ್ಗಸೂಚಿ ಹೇಳುತ್ತದೆ. ಜಗತ್ತಿನ ಬಹುತೇಕ ಕ್ಯಾನ್ಸರ್ ಆಸ್ಪತ್ರೆಗಳು ಇದೇ ಅಳತೆಯನ್ನು ಮುಂದಿಟ್ಟುಕೊಂಡು ಕೆಲಸ ಮಾಡುತ್ತವೆ.

ಈ ಗಡಿ ಏಕೆ, ಅದಕ್ಕೆ ಆಧಾರ ಎಷ್ಟು ಗಟ್ಟಿ, ಅದು ಎಲ್ಲಿ ತಪ್ಪುತ್ತದೆ ಎಂಬುದನ್ನು ಬಿಡಿಸಿ ನೋಡುವ ಅಗತ್ಯ ನಮ್ಮಲ್ಲಿ ಹೆಚ್ಚು. ಜಗತ್ತಿನ ಕ್ಯಾನ್ಸರ್ ಅಂಕಿಅಂಶ ಕಲೆಹಾಕುವ ಗ್ಲೋಬೋಕ್ಯಾನ್‌ನ 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದೇ ವರ್ಷ ಸುಮಾರು 1.43 ಲಕ್ಷ ಜನರಿಗೆ ಹೊಸದಾಗಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಬಂದಿದೆ; ಸುಮಾರು 80 ಸಾವಿರ ಜನ ಸತ್ತಿದ್ದಾರೆ. ಇಡೀ ಜಗತ್ತಿನ ಇಂಥ ಪ್ರಕರಣಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ನಮ್ಮವು. ಇಲ್ಲಿನ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ಗುಟ್ಕಾ, ತಂಬಾಕು ಹಾಕಿದ ಎಲೆಅಡಿಕೆಯಿಂದ ಕೆನ್ನೆಯ ಒಳಭಾಗ ಮತ್ತು ವಸಡಿನಲ್ಲಿ ಬರುವ ಗೆಡ್ಡೆಗಳೇ ಹೆಚ್ಚಾದರೂ, ನಾಲಿಗೆಯ ಅಂಚಿನಲ್ಲಿ ಹುಟ್ಟುವ ಕ್ಯಾನ್ಸರ್ ಕೂಡ ಅಪರೂಪವಲ್ಲ. ಯಾವ ಚಟವೂ ಇಲ್ಲದ ಕಿರಿಯ ವಯಸ್ಸಿನವರಲ್ಲಿ ಕಾಣಿಸಿಕೊಂಡು ಮನೆಯವರನ್ನು ದಿಗಿಲುಗೊಳಿಸುವುದೂ ಇದೇ.

ಎಲ್ಲರಿಗೂ ಬೇಕಿಲ್ಲ

ನಾಲಿಗೆಯ ಕ್ಯಾನ್ಸರ್‌ಗೆ ಮೊದಲ ಚಿಕಿತ್ಸೆ ಶಸ್ತ್ರಚಿಕಿತ್ಸೆ. ಗೆಡ್ಡೆಯನ್ನು ಸುತ್ತಲಿನ ಒಳ್ಳೆಯ ಭಾಗದ ಸಮೇತ ತೆಗೆಯುತ್ತಾರೆ, ಜೊತೆಗೆ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯುತ್ತಾರೆ. ಕುತ್ತಿಗೆಯಲ್ಲಿ ಗಂಟೇ ಕಾಣದ ಆರಂಭದ ಹಂತದವರಿಗೆ ಇದು ಬೇಕೇ ಎಂಬ ಪ್ರಶ್ನೆ ಬಹಳ ಕಾಲ ಬಗೆಹರಿಯದೆ ಉಳಿದಿತ್ತು. ಉತ್ತರ ಸಿಕ್ಕಿದ್ದು ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಿಂದ. ಡಾ. ಅನಿಲ್ ಡಿ’ಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಆಪರೇಶನ್‌ನಲ್ಲೇ ಕುತ್ತಿಗೆಯ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಶೇ. 80, ಗಂಟು ಕಾಣಿಸಿದ ಮೇಲೆ ತೆಗೆಸೋಣ ಎಂದು ಕಾದವರಲ್ಲಿ ಶೇ. 67.5. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ರೋಗ ಎಲ್ಲಿಯವರೆಗೆ ಹಬ್ಬಿದೆ ಎಂಬ ಪೂರ್ತಿ ಚಿತ್ರ ಮೊದಲ ಪ್ಯಾಥಾಲಜಿ ವರದಿಯಲ್ಲೇ, ಅಂದರೆ ತೆಗೆದ ಭಾಗವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಕೊಡುವ ವರದಿಯಲ್ಲೇ ಸಿಗುತ್ತದೆ.

ಆ ವರದಿಯ ಮೇಲೆ ಮುಂದಿನದೆಲ್ಲ ನಿಂತಿದೆ. ಗೆಡ್ಡೆ ಚಿಕ್ಕದಿದ್ದು, ಆಳಕ್ಕೆ ಇಳಿಯದೆ, ಕತ್ತರಿಸಿದ ಅಂಚಿನಿಂದ ಸಾಕಷ್ಟು ದೂರವಿದ್ದು, ಗ್ರಂಥಿಗಳೆಲ್ಲ ಶುದ್ಧವಾಗಿದ್ದರೆ ಬಹುತೇಕ ಅಲ್ಲಿಗೆ ಚಿಕಿತ್ಸೆ ಮುಗಿಯುತ್ತದೆ. ಅಂಥವರು ಸುಮ್ಮನೆ ವಿಕಿರಣ ಪಡೆದು ಬಾಯಿ ಒಣಗಿಸಿಕೊಳ್ಳಬೇಕಿಲ್ಲ. ಗೆಡ್ಡೆ ದೊಡ್ಡದಿದ್ದರೆ, 10 ಮಿಲಿಮೀಟರಿಗಿಂತ ಆಳಕ್ಕೆ ಇಳಿದಿದ್ದರೆ, ನರಗಳ ಸುತ್ತ ಹಬ್ಬಿದ್ದರೆ, ಕುತ್ತಿಗೆಯ ಗ್ರಂಥಿಗಳಲ್ಲಿ ರೋಗ ಸಿಕ್ಕಿದ್ದರೆ ವಿಕಿರಣ ಬೇಕಾಗುತ್ತದೆ. ಎರಡು ಸಂಗತಿಗಳು ಎಲ್ಲಕ್ಕಿಂತ ಗಂಭೀರ: ಕತ್ತರಿಸಿದ ಅಂಚಿನಲ್ಲೇ ಕ್ಯಾನ್ಸರ್ ಕಣ ಉಳಿದಿರುವುದು, ಮತ್ತು ಗ್ರಂಥಿಯ ಹೊದಿಕೆಯನ್ನು ಸೀಳಿಕೊಂಡು ರೋಗ ಹೊರಬಂದಿರುವುದು. ಇಂಥವರಿಗೆ ವಿಕಿರಣದ ಜೊತೆಗೆ ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧಿಯನ್ನೂ ಕೊಡುವುದರಿಂದ ಪ್ರಯೋಜನವಿದೆ ಎಂದು 2004ರಲ್ಲಿ ಒಟ್ಟಿಗೆ ಹೊರಬಂದ ಯುರೋಪ್ ಮತ್ತು ಅಮೆರಿಕದ ಎರಡು ದೊಡ್ಡ ಅಧ್ಯಯನಗಳು ತೋರಿಸಿದವು.

ಹಾಗಾಗಿ ಆರು ವಾರದ ಗಡಿ ಯಾರಿಗೆ ಅನ್ವಯಿಸುತ್ತದೆ ಎಂದು ಗೊತ್ತಾಗುವುದೇ ಆಪರೇಶನ್ ಆಗಿ ಒಂದೆರಡು ವಾರದ ನಂತರ, ವರದಿ ಕೈಗೆ ಬಂದ ಮೇಲೆ. ಅಷ್ಟು ಹೊತ್ತಿಗೆ 42ರಲ್ಲಿ 10 ದಿನವೋ 14 ದಿನವೋ ಆಗಲೇ ಕಳೆದಿರುತ್ತವೆ.

ಈ ಲೆಕ್ಕ ಎಲ್ಲಿಂದ ಬಂತು

ಎಷ್ಟೇ ನುರಿತ ಕೈ ಆಪರೇಶನ್ ಮಾಡಿದರೂ ಕಣ್ಣಿಗೆ ಕಾಣದ, ಸ್ಕ್ಯಾನ್‌ನಲ್ಲೂ ಮೂಡದ ಕೆಲವು ಜೀವಕೋಶಗಳು ಉಳಿದಿರಬಹುದು ಎಂಬ ಅನುಮಾನದಿಂದಲೇ ವಿಕಿರಣ ಕೊಡುವುದು. ಅನುಮಾನ ನಿಜವಾಗಿದ್ದರೆ, ಆ ಕೋಶಗಳು ಸುಮ್ಮನೆ ಕೂತಿರುವುದಿಲ್ಲ. ಬಾಯಿ, ನಾಲಿಗೆಯ ಈ ಬಗೆಯ ಕ್ಯಾನ್ಸರ್ ಕೋಶಗಳು ಕೆಲವೇ ದಿನಗಳಲ್ಲಿ ದ್ವಿಗುಣಗೊಳ್ಳುವ ಸಾಮರ್ಥ್ಯ ಉಳ್ಳವು. ಆಪರೇಶನ್ ಆದ ಜಾಗದಲ್ಲಿ ಗಾಯ ಮಾಗಿಸಲು ದೇಹ ಕಳಿಸುವ ಬೆಳವಣಿಗೆಯ ಸಂಕೇತಗಳು ಇವುಗಳಿಗೂ ಸಿಗುತ್ತವೆ. ಗಾಯದ ಗುರುತು ಬಿಗಿಯಾದಂತೆ ಅಲ್ಲಿಗೆ ರಕ್ತ, ಆಮ್ಲಜನಕ ಹೋಗುವುದು ಕಡಿಮೆಯಾಗುತ್ತದೆ. ಆಮ್ಲಜನಕ ಕಡಿಮೆ ಇರುವ ಕಡೆ ವಿಕಿರಣದ ಪೆಟ್ಟೂ ಕಡಿಮೆ. ತಡ ಮಾಡಿದಷ್ಟೂ ಕೊಲ್ಲಬೇಕಾದ ಕೋಶಗಳು ಹೆಚ್ಚಾಗುತ್ತವೆ, ಕೊಡುವ ಡೋಸ್ ಮಾತ್ರ ಅಷ್ಟೇ ಇರುತ್ತದೆ.

ರೋಗಿಗಳಲ್ಲಿ ಇದನ್ನು ಮೊದಲು ಗಮನಕ್ಕೆ ತಂದವರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಬಿ. ವಿಕ್ರಮ್ ಒಬ್ಬರು. 1979ರಲ್ಲಿ ಅವರೂ ಅವರ ಸಂಗಡಿಗರೂ ತಮ್ಮ ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳ ದಾಖಲೆ ನೋಡಿದಾಗ, ಆರು ವಾರದ ನಂತರ ವಿಕಿರಣ ಶುರುವಾದವರಲ್ಲಿ ರೋಗ ಮರುಕಳಿಸುವುದು ಹೆಚ್ಚು ಎಂದು ಕಂಡಿತು. 2003ರಲ್ಲಿ ಕೆನಡಾದ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗಲೂ ಫಲಿತಾಂಶ ಅದೇ ದಿಕ್ಕಿನಲ್ಲಿತ್ತು.

ನನಗೆ ಇವೆರಡಕ್ಕಿಂತ ಮುಖ್ಯವೆನಿಸುವುದು 2001ರಲ್ಲಿ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಡಾ. ಕಿಯಾನ್ ಆಂಗ್ ಅವರ ತಂಡ ಪ್ರಕಟಿಸಿದ ಅಧ್ಯಯನ. ಅದು ಆಪರೇಶನ್ ಮತ್ತು ವಿಕಿರಣದ ನಡುವಿನ ಬಿಡುವನ್ನಷ್ಟೇ ಅಳೆಯದೆ, ಆಪರೇಶನ್ ದಿನದಿಂದ ವಿಕಿರಣದ ಕೊನೆಯ ದಿನದವರೆಗಿನ ಇಡೀ ಅವಧಿಯನ್ನು ಲೆಕ್ಕಕ್ಕೆ ಹಿಡಿಯಿತು. ಅಪಾಯ ಹೆಚ್ಚಿದ್ದ ರೋಗಿಗಳಲ್ಲಿ ಈ ಇಡೀ ಅವಧಿ 11 ವಾರಕ್ಕಿಂತ ಕಡಿಮೆಯಿದ್ದಾಗ ಐದು ವರ್ಷದ ನಂತರವೂ ಬಾಯಿ-ಕುತ್ತಿಗೆಯ ಭಾಗದಲ್ಲಿ ರೋಗ ಹಿಡಿತದಲ್ಲಿದ್ದದ್ದು ಶೇ. 76 ಜನರಲ್ಲಿ. ಅವಧಿ 11ರಿಂದ 13 ವಾರ ಆದಾಗ ಶೇ. 62. ಹದಿಮೂರು ವಾರ ದಾಟಿದಾಗ ಶೇ. 38. ಇದು ಚಿಕ್ಕ ಅಧ್ಯಯನ, ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಇದ್ದವರು 151 ಜನ. ಅಂದಿನ ವಿಕಿರಣ ತಂತ್ರವೂ ಈಗಿನದಲ್ಲ. ಆದರೂ ಈ ಇಳಿಜಾರನ್ನು ಕಂಡ ಮೇಲೆ ‘ಎರಡು ವಾರ ತಡವಾದರೆ ಏನೂ ಆಗಲ್ಲ’ ಎಂದು ಹೇಳುವ ಧೈರ್ಯ ಯಾರಿಗೂ ಬರಬಾರದು.

ಕೈಯಲ್ಲಿ ಪೆನ್ನು ಹಿಡಿದು ಇದನ್ನು ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ಆಪರೇಶನ್ ನಂತರ ಕೊಡುವುದು 60 ಗ್ರೇ (ವಿಕಿರಣದ ಡೋಸ್ ಅಳೆಯುವ ಮಾನ) ವಿಕಿರಣ, ದಿನಕ್ಕೆ 2 ಗ್ರೇಯಂತೆ 30 ಸರದಿ. ಅಪಾಯ ಹೆಚ್ಚಿದ್ದರೆ 66 ಗ್ರೇ, 33 ಸರದಿ. ವಾರಕ್ಕೆ ಐದು ದಿನ. ಸೋಮವಾರ ಶುರುಮಾಡಿ ಒಂದು ದಿನವೂ ತಪ್ಪದೆ ನಡೆದರೆ 30 ಸರದಿಗೆ 40 ದಿನ, 33 ಸರದಿಗೆ 45 ದಿನ. ಸರಿಯಾಗಿ 42ನೇ ದಿನ ಶುರು ಮಾಡಿದವರಿಗೆ ಮುಗಿಯುವ ಹೊತ್ತಿಗೆ 81ರಿಂದ 86 ದಿನ, ಹೆಚ್ಚುಕಡಿಮೆ 12 ವಾರ. ಹನ್ನೊಂದು ವಾರದೊಳಗೆ ಮುಗಿಸಬೇಕೆಂದರೆ 32ರಿಂದ 37ನೇ ದಿನದೊಳಗೆ ಶುರುವಾಗಬೇಕು. ಆದ್ದರಿಂದ ಆರು ವಾರ ಎಂಬುದನ್ನು ತಲುಪಬೇಕಾದ ಗುರಿ ಎಂದು ಓದಿಕೊಳ್ಳಬಾರದು. ಅದು ದಾಟಬಾರದ ಕೊನೆಯ ಗೆರೆ. ಗುರಿ ಐದನೇ ವಾರದಲ್ಲಿರಬೇಕು. ಹಾಗೆಂದು ಮೂರನೇ ವಾರಕ್ಕೇ ಹಾರುವುದೂ ಸಲ್ಲದು. ಹಸಿ ಗಾಯದ ಮೇಲೆ ವಿಕಿರಣ ಬಿದ್ದರೆ ಹೊಲಿಗೆ ಬಿಚ್ಚಿಕೊಂಡು ಮಧ್ಯದಲ್ಲಿ ಚಿಕಿತ್ಸೆ ನಿಲ್ಲಿಸಬೇಕಾದೀತು.

ಈ ಅಧ್ಯಯನಗಳ ಮಿತಿಯನ್ನೂ ಹೇಳಲೇಬೇಕು. ‘ನಿಮಗೆ ಬೇಗ, ಅವರಿಗೆ ತಡ’ ಎಂದು ರೋಗಿಗಳನ್ನು ಚೀಟಿ ಎತ್ತಿ ವಿಂಗಡಿಸುವ ಪ್ರಯೋಗ ಮಾಡುವುದು ಅಧರ್ಮ. ಹೀಗಾಗಿ ಇರುವ ಬಹುತೇಕ ಮಾಹಿತಿ ಆಸ್ಪತ್ರೆಯ ದಾಖಲೆಗಳಿಂದ ಹೆಕ್ಕಿದ್ದು. ತಡವಾಗಿ ಬಂದವರು ಸಾಮಾನ್ಯವಾಗಿ ಬಡವರು, ದೂರದವರು, ಗಾಯ ಕೆಟ್ಟವರು, ಸಕ್ಕರೆ ಕಾಯಿಲೆ ಇರುವವರು; ಅವರ ಫಲಿತಾಂಶ ಕೆಟ್ಟಿದ್ದಕ್ಕೆ ತಡ ಎಷ್ಟು ಕಾರಣ, ಈ ಉಳಿದ ಸಂಗತಿಗಳೆಷ್ಟು ಕಾರಣ ಎಂದು ಪೂರ್ತಿ ಬೇರ್ಪಡಿಸುವುದು ಕಷ್ಟ. ನಲವತ್ತೆರಡನೇ ದಿನ ಸುರಕ್ಷಿತ, ನಲವತ್ತಮೂರನೇ ದಿನ ಅಪಾಯ ಎಂಬ ಗೋಡೆಯೇನೂ ಇಲ್ಲ. ಅಪಾಯ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರುವಂಥದ್ದು. ಈ ಎಚ್ಚರಿಕೆಯ ಮಾತು ವಿಜ್ಞಾನಿಗಳ ಚರ್ಚೆಗೆ ಸರಿ. ‘ಹಾಗಾದರೆ ತಡವಾದರೂ ನಡೆಯುತ್ತದೆ’ ಎನ್ನಲು ಆಸ್ಪತ್ರೆಗಳು ಅದನ್ನು ಬಳಸಬಾರದು.

ದಿನಗಳು ಎಲ್ಲಿ ಸೋರಿಹೋಗುತ್ತವೆ

ಗಡಿ ತಪ್ಪುವುದು ಬಡ ದೇಶಗಳ ಸಮಸ್ಯೆ ಮಾತ್ರವಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ದತ್ತಾಂಶದಲ್ಲಿನ 47 ಸಾವಿರಕ್ಕೂ ಹೆಚ್ಚು ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳನ್ನು ಸಂಶೋಧಕ ಇವಾನ್ ಗ್ರಬೋಯ್ಸ್ ಮತ್ತಿತರರು ಪರಿಶೀಲಿಸಿದಾಗ, ಶೇ. 55ಕ್ಕೂ ಹೆಚ್ಚು ಜನರಿಗೆ ಆರು ವಾರದೊಳಗೆ ವಿಕಿರಣ ಶುರುವಾಗಿರಲಿಲ್ಲ. 2017ರಲ್ಲಿ ಈ ಅಂಕಿ ಹೊರಬಿದ್ದ ನಂತರದ ವರ್ಷಗಳಲ್ಲಿ, ಅಲ್ಲಿನ ಕಮಿಷನ್ ಆನ್ ಕ್ಯಾನ್ಸರ್ ಸಂಸ್ಥೆ ಈ ಆರು ವಾರದ ಗಡಿಯನ್ನೇ ಆಸ್ಪತ್ರೆಗಳ ಗುಣಮಟ್ಟ ಅಳೆಯುವ ಮಾನದಂಡವಾಗಿ ಸ್ವೀಕರಿಸಿತು. ಅಂದರೆ ತಡವಾದರೆ ಅದು ಆಸ್ಪತ್ರೆಯ ಲೆಕ್ಕಕ್ಕೆ ಬೀಳುತ್ತದೆ. ನಮ್ಮಲ್ಲಿ ತಡವಾದರೆ ಅದು ರೋಗಿಯ ಲೆಕ್ಕಕ್ಕೆ ಬೀಳುತ್ತದೆ: ‘ಅವರು ಸರಿಯಾದ ಟೈಮಿಗೆ ಬರಲಿಲ್ಲ’ ಎಂದು.

ಅವರು ಏಕೆ ಬರಲಿಲ್ಲ ಎಂದು ಕೇಳುತ್ತ ಹೋದರೆ ಬೇರೆಯದೇ ಚಿತ್ರ ಸಿಗುತ್ತದೆ. ಕೊಪ್ಪಳ ಅಥವಾ ರಾಯಚೂರು ಕಡೆಯ ಒಬ್ಬ ಕೂಲಿಕಾರನ ದಾರಿಯನ್ನು ಕಲ್ಪಿಸಿಕೊಳ್ಳಿ. ಆಪರೇಶನ್ ಆದದ್ದು ವಿಕಿರಣ ಯಂತ್ರವಿಲ್ಲದ ಆಸ್ಪತ್ರೆಯಲ್ಲಿ. ಎಂಟು-ಹತ್ತು ದಿನಕ್ಕೆ ಡಿಸ್ಚಾರ್ಜ್. ವರದಿ ಇನ್ನೂ ಬಂದಿಲ್ಲ, ಮುಂದಿನ ವಾರ ಬನ್ನಿ ಎನ್ನುತ್ತಾರೆ. ಬಂದಾಗ ವರದಿ ಸಿಗುತ್ತದೆ, ರೇಡಿಯೇಶನ್ ಬೇಕು ಎಂದು ಬರೆದುಕೊಡುತ್ತಾರೆ. ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಎಂಬುದು ಆ ಚೀಟಿಯಲ್ಲಿ ಇರುವುದಿಲ್ಲ. ಬೇರೆ ಆಸ್ಪತ್ರೆಗೆ ಹೋದರೆ ಅಲ್ಲಿನವರು ಪ್ಯಾಥಾಲಜಿಯ ಸ್ಲೈಡ್, ಬ್ಲಾಕ್ (ತೆಗೆದ ಗೆಡ್ಡೆಯ ಮಾದರಿಗಳು) ತನ್ನಿ, ನಾವು ಇನ್ನೊಮ್ಮೆ ನೋಡಬೇಕು ಎನ್ನುತ್ತಾರೆ. ಹಾಗೆ ನೋಡುವುದು ಸರಿಯೇ. ಆದರೆ ಅದಕ್ಕಾಗಿ ಮತ್ತೆ ಹಳೆಯ ಆಸ್ಪತ್ರೆಗೆ ಒಂದು ಓಡಾಟ. ನಂತರ ದಂತವೈದ್ಯರ ಬಳಿ ಕಳಿಸುತ್ತಾರೆ. ಕೆಟ್ಟ ಹಲ್ಲುಗಳನ್ನು ವಿಕಿರಣಕ್ಕೆ ಮೊದಲೇ ಕೀಳಬೇಕು, ಏಕೆಂದರೆ ವಿಕಿರಣ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಮೂಳೆಯೇ ಸತ್ತು ಕೊಳೆಯುವ ಅಪಾಯವಿದೆ. ಕಿತ್ತ ಮೇಲೆ ವಸಡು ಮಾಗಲು 10ರಿಂದ 14 ದಿನ ಕಾಯಬೇಕು. ಅಡಿಕೆಯಿಂದ ಬಾಯಿ ಬಿಗಿದುಕೊಂಡಿರುವವರಲ್ಲಿ ಹಲ್ಲು ಕೀಳುವುದೇ ಒಂದು ಸಾಹಸ.

ಇಷ್ಟಾದ ಮೇಲೆ ಮುಖ, ಕುತ್ತಿಗೆ, ಹೆಗಲಿಗೆ ಸರಿಹೊಂದುವ ಪ್ಲಾಸ್ಟಿಕ್ ಮಾಸ್ಕ್ ಮಾಡುತ್ತಾರೆ, ಅದನ್ನು ಹಾಕಿಸಿಕೊಂಡೇ ಸಿಟಿ ಸ್ಕ್ಯಾನ್ ಆಗುತ್ತದೆ. ಆ ಚಿತ್ರದ ಮೇಲೆ ವೈದ್ಯರು ಎಲ್ಲಿಗೆ ಎಷ್ಟು ಡೋಸ್ ಬೀಳಬೇಕು, ಬೆನ್ನುಹುರಿ ಮತ್ತು ಜೊಲ್ಲುಗ್ರಂಥಿಗೆ ಎಷ್ಟಕ್ಕಿಂತ ಹೆಚ್ಚು ಬೀಳಬಾರದು ಎಂದು ಪದರ ಪದರವಾಗಿ ಗೆರೆ ಹಾಕುತ್ತಾರೆ. ಭೌತವಿಜ್ಞಾನಿಗಳು ಲೆಕ್ಕ ಮಾಡಿ ಪರೀಕ್ಷಿಸುತ್ತಾರೆ. ರೋಗಿಯ ಕಣ್ಣಿಗೆ ಬೀಳದ ಈ ಕೆಲಸಕ್ಕೆ ಒಂದು ವಾರ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕು. ಸಿಸ್ಪ್ಲಾಟಿನ್ ಕೂಡ ಕೊಡುವುದಿದ್ದರೆ ಮೂತ್ರಪಿಂಡ ಮತ್ತು ಕಿವಿಯ ಪರೀಕ್ಷೆ ಬೇರೆ. ಇದರ ಮೇಲೆ ಯಂತ್ರದ ಸರದಿ. ಹತ್ತು ಲಕ್ಷ ಜನಸಂಖ್ಯೆಗೆ ಕನಿಷ್ಠ ಒಂದು ವಿಕಿರಣ ಯಂತ್ರ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲು; ಭಾರತ ಅದನ್ನು ಇನ್ನೂ ಮುಟ್ಟಿಲ್ಲ, ಇರುವ ಯಂತ್ರಗಳೂ ದೊಡ್ಡ ಊರುಗಳಲ್ಲೇ ಗುಂಪಾಗಿವೆ.

ಹಣದ ಒಪ್ಪಿಗೆಗೂ ದಿನ ಬೇಕು. ಕರ್ನಾಟಕದಲ್ಲಿ 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಲಕ್ಷಾಂತರ ಬಡವರ ಪಾಲಿಗೆ ಇದು ನಿಜವಾದ ಆಸರೆ, ಅದನ್ನು ಕಡೆಗಣಿಸಿ ಮಾತಾಡುವುದು ತಪ್ಪು. ಆದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ಚಿಕಿತ್ಸೆಗೆ ಮುಂಚಿತ ಒಪ್ಪಿಗೆ ಬೇಕು. ಆಪರೇಶನ್‌ಗೆ ಒಂದು ಬಾರಿ ಓಡಾಡಿದವರು ವಿಕಿರಣಕ್ಕೆ ಮತ್ತೊಂದು ಬಾರಿ, ಅದೂ ಬೇರೆ ಆಸ್ಪತ್ರೆಯ ಹೆಸರಿನಲ್ಲಿ ಓಡಾಡಬೇಕಾಗುತ್ತದೆ.

ಕೂಡಿಸಿ ನೋಡಿ: ವರದಿಗೆ ಎರಡು ವಾರ, ಸ್ಲೈಡ್ ಮತ್ತು ರೆಫರಲ್‌ಗೆ ಒಂದು ವಾರ, ಹಲ್ಲಿಗೆ ಎರಡು ವಾರ, ಮಾಸ್ಕ್ ಮತ್ತು ಯೋಜನೆಗೆ ಒಂದೂವರೆ ವಾರ. ಯಾರೂ ಸೋಮಾರಿತನ ಮಾಡದೆ, ಯಾವ ಯಂತ್ರವೂ ಕೆಡದೆ, ಯಾವ ಹಬ್ಬವೂ ಬರದೆ ಆರೂವರೆ ವಾರ ಮುಗಿದುಹೋಯಿತು. ಒಂದಾದ ಮೇಲೊಂದು ಮಾಡಿದರೆ ಆರು ವಾರದಲ್ಲಿ ಇದು ಆಗುವುದೇ ಇಲ್ಲ. ಆಪರೇಶನ್‌ಗೆ ಮೊದಲೇ ಮಾಡಬಹುದಾದ ಕೆಲಸಗಳನ್ನು ಮೊದಲೇ ಮಾಡದಿದ್ದರೆ ಈ ಗಡಿ ಆಪರೇಶನ್ ಟೇಬಲ್ ಹತ್ತುವ ಮುಂಚೆಯೇ ತಪ್ಪಿರುತ್ತದೆ. ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ.

ಮೊದಲೇ ಮಾಡಬಹುದಾದದ್ದು

ನಾಲಿಗೆಯ ಗೆಡ್ಡೆ ದೊಡ್ಡದಿದೆ, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತಿದೆ ಎಂದರೆ ಅವರಿಗೆ ವಿಕಿರಣ ಬೇಕಾಗುತ್ತದೆ ಎಂಬುದು ವರದಿ ಬರುವ ಮುಂಚೆಯೇ ಬಹುಮಟ್ಟಿಗೆ ಗೊತ್ತಿರುತ್ತದೆ. ಅಂಥವರನ್ನು ಆಪರೇಶನ್‌ಗೆ ಮೊದಲೇ ವಿಕಿರಣ ತಜ್ಞರು ಒಮ್ಮೆ ನೋಡಿರಬೇಕು. ದಂತವೈದ್ಯರೂ ನೋಡಿರಬೇಕು, ಕೀಳಬೇಕಾದ ಹಲ್ಲುಗಳನ್ನು ನಾಲಿಗೆಯ ಆಪರೇಶನ್ ನಡೆಯುವಾಗ ಅದೇ ಅರಿವಳಿಕೆಯಲ್ಲೇ ಕಿತ್ತರೆ, ನಾಲಿಗೆ ಮಾಗುವ ದಿನಗಳಲ್ಲೇ ವಸಡೂ ಮಾಗುತ್ತದೆ. ಇದೊಂದರಿಂದಲೇ ಎರಡು ವಾರ ಉಳಿಯುತ್ತದೆ. ಹಣ ಬೇಡದ, ಹೊಸ ಯಂತ್ರ ಬೇಡದ, ಇಬ್ಬರು ವೈದ್ಯರು ಫೋನಿನಲ್ಲಿ ಮಾತಾಡಿದರೆ ಆಗಿಬಿಡುವ ಕೆಲಸವಿದು. ಇಷ್ಟು ಸುಲಭದ್ದು ಎಷ್ಟೋ ಕಡೆ ಆಗುತ್ತಿಲ್ಲವಲ್ಲ ಎಂಬುದು ನನಗೆ ನೋವಿನ ಸಂಗತಿ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ರೇಡಿಯೇಶನ್‌ಗೆ ತೋರಿಸಿ’ ಎಂದು ಬರೆದರೆ ಸಾಲದು. ಯಾವ ಆಸ್ಪತ್ರೆ, ಯಾವ ತಾರೀಖು, 42ನೇ ದಿನ ಯಾವಾಗ ಬೀಳುತ್ತದೆ ಎಂಬುದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದಿರಬೇಕು. ವರದಿ ಬಂದ ದಿನವೇ ರೋಗಿಗೆ ಫೋನ್ ಹೋಗಬೇಕು. ವರದಿ ಬಂದಿದೆಯೇ ಎಂದು ಕೇಳಲು ರಾಯಚೂರಿನಿಂದ ಬೆಂಗಳೂರಿಗೆ ಬಸ್ಸು ಹತ್ತುವ ಪರಿಸ್ಥಿತಿ ಇರಬಾರದು. ಸ್ಲೈಡ್, ಬ್ಲಾಕ್ ವರದಿಯ ಜೊತೆಗೇ ಕೈಗೆ ಸಿಗಬೇಕು. ಇದನ್ನೆಲ್ಲ ಹಿಂದೆ ಬಿದ್ದು ಮಾಡಿಸಲು ಒಬ್ಬರು ಬೇಕು. ವೈದ್ಯರಿಂದ ಅದು ಆಗುವುದಿಲ್ಲ, ಹೊರರೋಗಿ ವಿಭಾಗದ ಆ ನೂಕುನುಗ್ಗಲಿನಲ್ಲಿ ಆಗುವುದು ಸಾಧ್ಯವೂ ಇಲ್ಲ. ಟಾಟಾ ಮೆಮೋರಿಯಲ್ ಆಸ್ಪತ್ರೆ, ಟಾಟಾ ಟ್ರಸ್ಟ್ಸ್ ಮತ್ತು ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ‘ಕೇವಟ್’ ಕಾರ್ಯಕ್ರಮ ಇದಕ್ಕೆಂದೇ ಯುವಜನರಿಗೆ ತರಬೇತಿ ಕೊಡುತ್ತದೆ: ರೋಗಿಯ ಜೊತೆಗಿದ್ದು ಒಂದು ಕೌಂಟರಿನಿಂದ ಮುಂದಿನದಕ್ಕೆ ದಾಟಿಸುವುದು, ತಪ್ಪಿದ ತಾರೀಖಿಗೆ ಫೋನ್ ಮಾಡುವುದು, ಯೋಜನೆಯ ಕಾಗದಪತ್ರ ತುಂಬಿಸುವುದು. ಮೇಲೆ ಹೇಳಿದ ಗ್ರಬೋಯ್ಸ್ ತಂಡ ಕೂಡ ಅಮೆರಿಕದಲ್ಲಿ ಈ ತಡಕ್ಕೆ ಪರಿಹಾರವಾಗಿ ಆರಿಸಿಕೊಂಡದ್ದು ಇಂಥದೇ ದಾರಿ. ಕಿದ್ವಾಯಿಯಿಂದ ಹಿಡಿದು ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನವರೆಗೆ ಕ್ಯಾನ್ಸರ್ ನೋಡುವ ಪ್ರತಿಯೊಂದು ಆಸ್ಪತ್ರೆಯಲ್ಲೂ ಇಂಥವರು ಸಂಬಳದ ಮೇಲೆ ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಲೀನಿಯರ್ ಆಕ್ಸಿಲರೇಟರ್ ಎಂಬ ಒಂದು ವಿಕಿರಣ ಯಂತ್ರಕ್ಕೆ ಕೋಟಿಗಟ್ಟಲೆ ಸುರಿಯುವ ಸರ್ಕಾರಕ್ಕೆ ಇವರ ಸಂಬಳ ಹೊರೆಯಾಗದು.

ಮನೆಯವರ ಕೈಯಲ್ಲಿ ಇರುವುದೂ ಒಂದಿಷ್ಟಿದೆ. ನಮ್ಮ ಮನೆಗಳಲ್ಲಿ ಗಾಯ ಎಂದೊಡನೆ ನಂಜಿನ ಪಥ್ಯ ಶುರುವಾಗುತ್ತದೆ: ಮೊಟ್ಟೆ ಬೇಡ, ಮೀನು ಬೇಡ, ಬದನೆಕಾಯಿ ಬೇಡ, ಕಡಲೆಬೀಜ ಬೇಡ. ಪ್ರೀತಿಯಿಂದಲೇ ಮಾಡುವ ಈ ಪಥ್ಯ ಗಾಯಕ್ಕೆ ಬೇಕಾದ ಪ್ರೋಟೀನನ್ನೇ ಕಿತ್ತುಕೊಳ್ಳುತ್ತದೆ. ಮೂಗಿನ ಕೊಳವೆಯಲ್ಲಿ ಬರೀ ತಿಳಿಗಂಜಿ, ಎಳನೀರು ಹಾಕುತ್ತ ಹೋದರೆ ಮೂರು ವಾರದಲ್ಲಿ ತೂಕ ಇಳಿಯುತ್ತದೆ, ಹೊಲಿಗೆ ಮಾಗುವುದಿಲ್ಲ, ವಿಕಿರಣ ಮುಂದಕ್ಕೆ ಹೋಗುತ್ತದೆ. ಸೋಸಿದ ರಾಗಿ ಗಂಜಿ, ಹಾಲು, ಬೇಳೆಯ ಕಟ್ಟು, ತಿನ್ನುವವರಾದರೆ ಬೇಯಿಸಿ ನುಣ್ಣಗೆ ಅರೆದ ಮೊಟ್ಟೆ, ಇವು ದಿನಕ್ಕೆ ಹಲವು ಬಾರಿ ಹೋಗಬೇಕು. ಪ್ರಮಾಣವನ್ನು ಆಸ್ಪತ್ರೆಯ ಆಹಾರತಜ್ಞರು ಹೇಳುತ್ತಾರೆ, ಕೇಳಿ ಬರೆದುಕೊಳ್ಳಿ. ಸಕ್ಕರೆ ಕಾಯಿಲೆ ಇದ್ದರೆ ಹಿಡಿತದಲ್ಲಿರಲಿ. ಬೀಡಿ, ಹೊಗೆಸೊಪ್ಪು ಮತ್ತೆ ಬಾಯಿಗೆ ಹೋಗದಿರಲಿ. ಮುಖ್ಯವಾಗಿ, ‘ಗಾಯ ಪೂರ್ತಿ ಮಾಗಿಲ್ಲ’ ಎಂದು ಮನೆಯಲ್ಲೇ ತೀರ್ಮಾನಿಸಿ ಕೂರಬೇಡಿ. ಡ್ರೆಸ್ಸಿಂಗ್ ಬೇಕಾಗುವ ಚಿಕ್ಕ ಗಾಯ ಉಳಿದಿದ್ದರೂ ಎಷ್ಟೋ ಬಾರಿ ಮಾಸ್ಕ್, ಸ್ಕ್ಯಾನ್ ಕೆಲಸ ಶುರು ಮಾಡಬಹುದು. ಕಾಯಬೇಕೋ ಬೇಡವೋ ಎಂಬುದನ್ನು ತಜ್ಞರು ನೋಡಿ ಹೇಳಲಿ. ನಾಟಿ ಔಷಧಿ ಒಂದು ತಿಂಗಳು ನೋಡೋಣ ಎಂಬ ಸಲಹೆ ನೆಂಟರಿಂದ ಬರುವುದೂ ಸರಿಯಾಗಿ ಇದೇ ಹೊತ್ತಿಗೆ. ಆ ಒಂದು ತಿಂಗಳನ್ನು ಮತ್ತೆ ಸಂಪಾದಿಸಲು ಬರುವುದಿಲ್ಲ.

ಶುರುವಾದ ಮೇಲೆ ಬಿಡುವು ಕೂಡದು

ಆಂಗ್ ಅವರ ಲೆಕ್ಕದಲ್ಲಿ ಕೊನೆಯ ದಿನವೂ ಸೇರಿದೆ ಎಂಬುದನ್ನು ಮರೆಯಬಾರದು. ಐದನೇ ವಾರಕ್ಕೇ ಶುರುಮಾಡಿ ನಡುವೆ ಹತ್ತು ದಿನ ತಪ್ಪಿಸಿದರೆ ಗಳಿಸಿದ್ದೆಲ್ಲ ಹೋಯಿತು. ತಲೆ-ಕುತ್ತಿಗೆ ಕ್ಯಾನ್ಸರ್‌ನ ವಿಕಿರಣ ಒಂದು ದಿನ ಹೆಚ್ಚು ಎಳೆದರೆ ರೋಗ ಹಿಡಿತಕ್ಕೆ ಬರುವ ಸಾಧ್ಯತೆ ಶೇ. 1ರಿಂದ 1.4ರಷ್ಟು ಇಳಿಯುತ್ತದೆ ಎಂಬುದು ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ರೇಡಿಯಾಲಜಿಸ್ಟ್ಸ್ ಮುಂದಿಡುವ ಅಂದಾಜು. ಒಟ್ಟು ಅವಧಿ ನಿಗದಿಯಾದದ್ದನ್ನು ದಾಟಿ ಎರಡು ದಿನಕ್ಕಿಂತ ಹೆಚ್ಚು ಎಳೆಯಬಾರದು ಎಂದು ಅದು ಹೇಳುತ್ತದೆ.

ಬಿಡುವು ಬೀಳುವುದು ಸಾಮಾನ್ಯವಾಗಿ ಮೂರನೇ ವಾರದ ನಂತರ. ಬಾಯೆಲ್ಲ ಹುಣ್ಣಾಗುತ್ತದೆ, ಉಗುಳು ನುಂಗುವುದೂ ಕಷ್ಟ, ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯುತ್ತದೆ. ಎರಡು ದಿನ ಊರಿಗೆ ಹೋಗಿ ಬರುತ್ತೇನೆ ಎನ್ನುವ ಆಸೆ ಆಗ ಬಹಳ ಬಲವಾಗಿರುತ್ತದೆ. ಈ ನೋವಿಗೆ ಮಾರ್ಫಿನ್‌ವರೆಗೂ ಔಷಧಿಯಿದೆ, ತಿನ್ನಲಾಗದವರಿಗೆ ಕೊಳವೆಯಿದೆ. ಸಹಿಸಿಕೊಂಡು ಸುಮ್ಮನಿರದೆ ಕೇಳಿ ಪಡೆಯಬೇಕು. ಉಳಿಯಲು ಜಾಗವಿಲ್ಲದೆ ಬಿಟ್ಟು ಹೋಗುವವರೂ ಕಡಿಮೆಯಿಲ್ಲ. ಕಿದ್ವಾಯಿಯಂಥ ಕಡೆ ಧರ್ಮಶಾಲೆ ಇದೆ, ಮುಂಚಿತವಾಗಿ ವಿಚಾರಿಸಿದರೆ ದಾರಿ ಸಿಗಬಹುದು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿಯೂ ಜೊತೆಗೆ ಬರುವ ಒಬ್ಬರಿಗೆ ಶೇ. 75ರ ರಿಯಾಯಿತಿಯೂ ಇವೆ. ಆಸ್ಪತ್ರೆಯಿಂದ ಅದಕ್ಕೆ ಪ್ರಮಾಣಪತ್ರ ಕೇಳಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತವಾಗಿರುವುದರಿಂದ, ಗಂಡನ ಜೊತೆಗೋ ಮಗನ ಜೊತೆಗೋ ಬರುವ ತಾಯಂದಿರ ಟಿಕೆಟ್ ಖರ್ಚಾದರೂ ಉಳಿದಿದೆ.

ಆಪರೇಶನ್‌ಗೆ ಮೊದಲು ಮತ್ತು ನಂತರ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧಿ) ಕೊಡುವ ಹೊಸ ಪದ್ಧತಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ಒಪ್ಪಿಗೆ ಕೊಟ್ಟಿದೆ. ಪೆಂಬ್ರೊಲಿಜುಮ್ಯಾಬ್ ಎಂಬ ಆ ಔಷಧಿಯ ಬೆಲೆ ನಮ್ಮಲ್ಲಿ ಹೆಚ್ಚಿನವರ ಕೈಗೆ ಎಟಕುವಂಥದ್ದಲ್ಲ. ಎಟಕಿದವರಿಗೂ ಆಪರೇಶನ್ ನಂತರದ ವಿಕಿರಣ ತಪ್ಪುವುದಿಲ್ಲ.

ಆರು ವಾರ ದಾಟಿಹೋಗಿದ್ದರೆ

ಇದನ್ನು ಓದುತ್ತಿರುವ ಯಾರದ್ದೋ ಮನೆಯಲ್ಲಿ ಆಪರೇಶನ್ ಆಗಿ ಎಂಟು ವಾರವೋ ಹತ್ತು ವಾರವೋ ಆಗಿರಬಹುದು. ‘ಗಡಿ ದಾಟಿತು, ಇನ್ನು ಹೋಗಿ ಏನು ಪ್ರಯೋಜನ’ ಎಂದು ಕೈಬಿಡುವುದು ತಡಕ್ಕಿಂತ ದೊಡ್ಡ ತಪ್ಪು. ತಡವಾದ ವಿಕಿರಣದ ಬಲ ಕುಗ್ಗಿರಬಹುದು, ಆದರೆ ಬೇಕಿದ್ದವರು ಅದನ್ನು ಪಡೆಯದೇ ಇರುವುದಕ್ಕಿಂತ ಪಡೆಯುವುದು ಮೇಲು. ಹೋದಾಗ ತಜ್ಞರು ಮೊದಲು ಬಾಯಿ ಮತ್ತು ಕುತ್ತಿಗೆಯನ್ನು ಕೈಯಿಂದ ಮುಟ್ಟಿ ಪರೀಕ್ಷಿಸುತ್ತಾರೆ, ಬಹುಶಃ ಹೊಸದಾಗಿ ಸ್ಕ್ಯಾನ್ ಮಾಡಿಸುತ್ತಾರೆ. ಈ ನಡುವೆ ಗೆಡ್ಡೆ ಮತ್ತೆ ಕಾಣಿಸಿಕೊಂಡಿದ್ದರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ, ಮತ್ತೊಂದು ಆಪರೇಶನ್ ಬೇಕಾಗಬಹುದು. ಏನೂ ಇಲ್ಲವಾದರೆ ಮಾಸ್ಕ್ ಕೆಲಸ ಅವತ್ತೇ ಶುರು ಮಾಡಿಸಲು ಕೇಳಿಕೊಳ್ಳಿ.

ಕಳೆದ ದಿನಗಳನ್ನು ಸ್ವಲ್ಪ ಮಟ್ಟಿಗೆ ಹಿಂದಕ್ಕೆ ಪಡೆಯುವ ಉಪಾಯಗಳೂ ಇವೆ. ಆಂಗ್ ಅವರ ಅಧ್ಯಯನದಲ್ಲಿ 63 ಗ್ರೇ ಡೋಸನ್ನು ಏಳು ವಾರದ ಬದಲು ಐದು ವಾರದಲ್ಲಿ ಮುಗಿಸಿದವರಲ್ಲಿ, ಶುರುವಿಗೆ ಮುಂಚಿನ ತಡದ ಪೆಟ್ಟು ಅಷ್ಟಾಗಿ ಕಾಣಲಿಲ್ಲ. ಹಾಗೆಂದು ಎಲ್ಲರಿಗೂ ವೇಗ ಹೆಚ್ಚಿಸಿದರೆ ಲಾಭವಿಲ್ಲ. ಟಾಟಾ ಮೆಮೋರಿಯಲ್‌ನಲ್ಲಿ ಬಾಯಿ ಕ್ಯಾನ್ಸರ್ ಆಪರೇಶನ್ ಆದ ಸುಮಾರು 900 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ವಾರಕ್ಕೆ ಐದರ ಬದಲು ಆರು ಸರದಿ ಕೊಟ್ಟದ್ದರಿಂದ ಒಟ್ಟಾರೆ ಸ್ಪಷ್ಟ ಪ್ರಯೋಜನ ಕಾಣಲಿಲ್ಲ. ಯಾರಿಗೆ ಅದು ಬೇಕು ಎಂಬುದು ಅವರವರ ವರದಿ ಮತ್ತು ಮೈಯ ಸ್ಥಿತಿ ನೋಡಿ ತಜ್ಞರು ನಿರ್ಧರಿಸುವಂಥದ್ದು. ಚಿಕಿತ್ಸೆಯ ನಡುವೆ ಯಂತ್ರ ಕೆಟ್ಟು ಅಥವಾ ಜ್ವರ ಬಂದು ದಿನ ತಪ್ಪಿದರೆ ಶನಿವಾರ ಒಂದು ಸರದಿ ಸೇರಿಸಬಹುದು, ಇಲ್ಲವೇ ಕನಿಷ್ಠ ಆರು ಗಂಟೆಯ ಅಂತರ ಬಿಟ್ಟು ಒಂದೇ ದಿನ ಎರಡು ಸರದಿ ಕೊಡಬಹುದು. ಇದು ತಾನಾಗಿಯೇ ಆಗುತ್ತದೆ ಎಂದುಕೊಳ್ಳಬೇಡಿ. ‘ಸಾರ್, ಎರಡು ದಿನ ತಪ್ಪಿದೆಯಲ್ಲ, ಅದನ್ನು ಯಾವಾಗ ತುಂಬಿಸಿಕೊಡುತ್ತೀರಿ?’ ಎಂದು ಕೇಳುವ ಹಕ್ಕು ರೋಗಿಯ ಜೊತೆಗೆ ಬಂದವರಿಗೆ ಇದೆ, ಮತ್ತು ವೈದ್ಯರ ಬಳಿ ಅದಕ್ಕೆ ಉತ್ತರವಿರಬೇಕು.